ಮುಳುಗುಗಾರರ ರಿಬ್ರೀದರ್: ಬೆಲೆಪಟ್ಟಿಯನ್ನು ಓದುವ ಬಗೆ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಓದುಗರಿಗೆ ಕೆರೆ ಹೊಸದಲ್ಲ. ಸಮುದ್ರ ಮಾತ್ರ ದೂರ. ತುಮಕೂರಿನಿಂದ ಮುರುಡೇಶ್ವರಕ್ಕೆ ಸುಮಾರು 400 ಕಿ.ಮೀ., ಅಲ್ಲಿಂದ ದೋಣಿಯಲ್ಲಿ ಇನ್ನೂ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ರಜೆಯಲ್ಲಿ ಅಲ್ಲಿಗೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಹತ್ತು ಮೀಟರ್ ಆಳದಲ್ಲಿ ಮೀನು ನೋಡಿ ಬಂದವರು ನಿಮ್ಮ ಬೀದಿಯಲ್ಲೂ ಇರಬಹುದು. ಅವರಲ್ಲಿ ಕೆಲವರಿಗೆ ಅದು ಗೀಳಾಗುತ್ತದೆ. ಗೀಳು ಬಲಿತಾಗ ಕಣ್ಣು ಬೀಳುವುದು ರಿಬ್ರೀದರ್ ಎಂಬ ಯಂತ್ರದ ಮೇಲೆ: ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಉಸಿರಾಡಲು ಕೊಡುವ, ಗುಳ್ಳೆಗಳೇ ಏಳದ ಸಾಧನ. ಇವುಗಳನ್ನು ಹೋಲಿಸುವ ಪಟ್ಟಿಗಳು ಬೇಕಾದಷ್ಟಿವೆ. ಎಡಗಡೆ ಹೆಸರು, ಬಲಗಡೆ ಬೆಲೆ, ನಡುವೆ ಹತ್ತು ಹನ್ನೆರಡು ಕಲಮುಗಳಲ್ಲಿ ಸೌಲಭ್ಯಗಳು. ಇಂತಹ ಪಟ್ಟಿಯನ್ನು ಮಿಕ್ಸಿ ಅಥವಾ ಟೆಲಿವಿಷನ್ ಕೊಳ್ಳುವಾಗ ಓದುವಂತೆ ಓದಬಾರದು ಎಂಬುದೇ ಈ ಲೇಖನದ ತಕರಾರು.

ಮೊದಲು ಯಂತ್ರದ ತತ್ತ್ವವನ್ನು ನೋಡೋಣ. ನೀವು ವಿಶ್ರಾಂತವಾಗಿ ಈಜುವಾಗ ನಿಮಿಷಕ್ಕೆ ಸುಮಾರು 20 ಲೀಟರ್ ಗಾಳಿಯನ್ನು ಉಸಿರಾಡುತ್ತೀರಿ. 20 ಮೀಟರ್ ಆಳದಲ್ಲಿ ಒತ್ತಡ 3 ಬಾರ್. ಅಲ್ಲಿ ಅದೇ ಉಸಿರಿಗೆ ಮೂರು ಪಟ್ಟು, ಅಂದರೆ 60 ಲೀಟರ್ ಗಾಳಿ ಬೇಕು. 200 ಬಾರ್ ತುಂಬಿದ 12 ಲೀಟರಿನ ಸಿಲಿಂಡರಿನಲ್ಲಿರುವುದು 2400 ಲೀಟರ್. 40 ನಿಮಿಷಕ್ಕೆ ಖಾಲಿ. ಆದರೆ ನಿಮ್ಮ ದೇಹ ನಿಜವಾಗಿ ಬಳಸಿಕೊಂಡ ಆಕ್ಸಿಜನ್ ನಿಮಿಷಕ್ಕೆ ಸುಮಾರು ಒಂದು ಲೀಟರ್ ಮಾತ್ರ. ಆಳ ಎಷ್ಟಾದರೂ ಈ ಲೆಕ್ಕ ಬದಲಾಗುವುದಿಲ್ಲ. ಮಿಕ್ಕದ್ದೆಲ್ಲ ಗುಳ್ಳೆಯಾಗಿ ಹೋಯಿತು. ಮುಚ್ಚಿದ ಮಂಡಲದ ರಿಬ್ರೀದರ್ ಈ ದುಂದನ್ನು ತಪ್ಪಿಸುತ್ತದೆ. ಬಿಟ್ಟ ಉಸಿರು ಒಂದು ಡಬ್ಬಿಯ ಮೂಲಕ ಹಾಯುವಾಗ ಅಲ್ಲಿನ ಸೋಡಾಲೈಮ್ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಖರ್ಚಾದಷ್ಟು ಆಕ್ಸಿಜನ್ ಪುಟ್ಟ ಸಿಲಿಂಡರಿನಿಂದ ಸೇರುತ್ತದೆ. 2 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ 400 ಲೀಟರ್, ಕಾಗದದ ಮೇಲೆ ಆರು ಗಂಟೆಗೂ ಹೆಚ್ಚು.

ಸೋಡಾಲೈಮಿನ ಮುಖ್ಯ ಭಾಗ ನಮ್ಮ ಸುಣ್ಣವೇ. ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಊದಿ ಹಾಲಿನಂತೆ ಮಾಡಿದ್ದೂ ಇದೇ ಕ್ರಿಯೆ. ಮುಚ್ಚಿದ ಮಂಡಲವೂ ನಿಮಗೆ ಅಪರಿಚಿತವಲ್ಲ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಯಂತ್ರಕ್ಕೆ ತಗುಲಿಸಿದ, ಬಿಳಿ ಹರಳು ತುಂಬಿದ ಪಾರದರ್ಶಕ ಡಬ್ಬಿಯನ್ನು ನೀವು ಕಂಡಿರಬಹುದು. ತತ್ತ್ವ ಅದೇ. ವ್ಯತ್ಯಾಸವೆಂದರೆ ಅಲ್ಲಿ ಎಚ್ಚರವಾಗಿರುವ ವೈದ್ಯರೊಬ್ಬರು ಪಕ್ಕದಲ್ಲಿರುತ್ತಾರೆ. ನೀರಿನಡಿಯಲ್ಲಿ ರೋಗಿಯೂ ವೈದ್ಯನೂ ನೀವೇ.

ಇತಿಹಾಸವನ್ನು ಬೇಗ ಮುಗಿಸೋಣ. ಹೆನ್ರಿ ಫ್ಲ್ಯೂಸ್ ಎಂಬ ಇಂಗ್ಲಿಷ್ ನಾವಿಕ 1878ರಲ್ಲಿ ಬಳಕೆಗೆ ಬರುವಂತಹ ಆಕ್ಸಿಜನ್ ರಿಬ್ರೀದರನ್ನು ರೂಪಿಸಿದ. 1880ರಲ್ಲಿ ಸೆವರ್ನ್ ಸುರಂಗಕ್ಕೆ ನೀರು ನುಗ್ಗಿದಾಗ ಅಲೆಕ್ಸಾಂಡರ್ ಲ್ಯಾಂಬರ್ಟ್ ಅದನ್ನೇ ಧರಿಸಿ ಒಳಹೊಕ್ಕ. ಅನಂತರ ಗಣಿ ರಕ್ಷಣೆ, ಜಲಾಂತರ್ಗಾಮಿ, ನೌಕಾಪಡೆಗಳ ಪಾಲಾಗಿದ್ದ ಈ ಯಂತ್ರ ಹವ್ಯಾಸಿಗಳ ಕೈಗೆ ವ್ಯಾಪಕವಾಗಿ ಬಂದದ್ದು 1997ರಲ್ಲಿ, ಬ್ರಿಟನ್ನಿನ ‘ಇನ್‌ಸ್ಪಿರೇಷನ್’ ಮಾರುಕಟ್ಟೆಗೆ ಬಂದಾಗ.

ಇಂದಿನ ಬೆಲೆ? ಹೊಸ ಯಂತ್ರಕ್ಕೆ ಹೊರದೇಶದಲ್ಲಿ ಸಾಮಾನ್ಯವಾಗಿ 6,000ದಿಂದ 12,000 ಡಾಲರ್. ನಮ್ಮ ಹಣದಲ್ಲಿ ಐದರಿಂದ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಸಾಗಣೆ ಮತ್ತು ಆಮದು ಸುಂಕ ಬೇರೆ. ಪಟ್ಟಿ ಇಲ್ಲಿಗೆ ನಿಲ್ಲುತ್ತದೆ. ನಾವು ಇಲ್ಲಿಂದ ಶುರುಮಾಡೋಣ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ನೀವು 8 ಲಕ್ಷದ ಯಂತ್ರ ಕೊಂಡಿರಿ, ಅದು 8 ವರ್ಷ ಬಾಳಿತು. ವರ್ಷಕ್ಕೆ 1 ಲಕ್ಷ. ಆಕ್ಸಿಜನ್ ಅಳೆಯುವ ಸಂವೇದಕಗಳು ಮೂರು. ಒಂದಕ್ಕೆ 8,000 ಎಂದರೂ 24,000. ಇವನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ರಬ್ಬರ್ ಉಂಗುರಗಳು, ಕೊಳವೆ, ಸಿಲಿಂಡರ್ ಪರೀಕ್ಷೆ, ದುರಸ್ತಿಗೆ ಕಳುಹಿಸುವ ವೆಚ್ಚ ಸೇರಿ 20,000 ಇರಲಿ. ಒಟ್ಟು 1,44,000. ತುಮಕೂರಿನ ಉದ್ಯೋಗಸ್ಥರೊಬ್ಬರು ವರ್ಷಕ್ಕೆ ಮೂರು ಬಾರಿ ಕರಾವಳಿಗೆ ಹೋಗಿ, ಪ್ರತಿ ಬಾರಿ ನಾಲ್ಕು ಸಲ ಮುಳುಗಿದರೆ 12 ಮುಳುಗು. ಒಂದು ಮುಳುಗಿಗೆ 12,000 ರೂಪಾಯಿ! ಸೋಡಾಲೈಮ್, ದೋಣಿ, ವಸತಿ ಇದರಲ್ಲಿ ಸೇರಿಲ್ಲ. ಈಗ ಪಟ್ಟಿ ನೋಡಿ 2 ಲಕ್ಷ ಅಗ್ಗದ ಯಂತ್ರ ಆರಿಸಿದಿರಿ ಎನ್ನಿ. ಮುಳುಗಿಗೆ ಸುಮಾರು 9,900 ಆಗುತ್ತದೆ, ಉಳಿತಾಯ 2,100. ಅದರ ಬದಲು ಮೊದಲ ಯಂತ್ರವನ್ನೇ ಕೊಂಡು 24 ಬಾರಿ ಮುಳುಗಿದ್ದರೆ ವೆಚ್ಚ 6,000ಕ್ಕೆ ಇಳಿಯುತ್ತಿತ್ತು. ಕಡಲ ದಡದಲ್ಲೇ ಇದ್ದು ವರ್ಷಕ್ಕೆ 150 ಬಾರಿ ಮುಳುಗುವ ತರಬೇತುದಾರರಿಗೆ ಇದು ಸಾವಿರ ರೂಪಾಯಿಗೂ ಕಡಿಮೆ. ಯಂತ್ರ ದುಬಾರಿಯೋ ಅಗ್ಗವೋ ಎಂಬುದನ್ನು ನಿಮ್ಮ ಊರು ಸಮುದ್ರದಿಂದ ಎಷ್ಟು ದೂರ ಎಂಬುದು ತಯಾರಕರಿಗಿಂತ ಹೆಚ್ಚಾಗಿ ನಿರ್ಧರಿಸುತ್ತದೆ. ಯಾವ ಪಟ್ಟಿಯಲ್ಲೂ ಈ ಕಲಮು ಇಲ್ಲ.

ಇದು ಬರಿಯ ಜೇಬಿನ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಜೇಬಿನ ಮಾತು ಜೀವದ ಮಾತಾಗುವುದು ಹೇಗೆಂದು ಗಮನಿಸಿ. ಸಾಮಾನ್ಯ ಯಂತ್ರವೊಂದರ ಡಬ್ಬಿಗೆ ಸುಮಾರು ಎರಡೂವರೆ ಕಿಲೋ ಸೋಡಾಲೈಮ್ ಹಿಡಿಯುತ್ತದೆ. ಹೊರದೇಶದ ಬೆಲೆಯಲ್ಲೇ ಒಂದೂವರೆ ಎರಡು ಸಾವಿರ ರೂಪಾಯಿ. ಆಯುಷ್ಯ ಮೂರು ಗಂಟೆ ಎಂದು ಪಟ್ಟಿ ಹೇಳುತ್ತದೆ. ಶನಿವಾರ ಒಂದೂವರೆ ಗಂಟೆ ಬಳಸಿದ ಡಬ್ಬಿಯನ್ನು ಮುಂದಿನ ಪ್ರವಾಸಕ್ಕೆ ಎತ್ತಿಡೋಣ ಎನಿಸುವುದು ಸಹಜ. ಸಂವೇದಕ ಇನ್ನೂ ಸರಿಯಾಗೇ ತೋರಿಸುತ್ತಿದೆಯಲ್ಲ, ಬೇಸಿಗೆ ಕಳೆಯಲಿ ಎನಿಸುವುದೂ ಸಹಜ. ವರ್ಷಕ್ಕೆ ಹನ್ನೆರಡು ಸಲ ಮಾತ್ರ ಬಳಸುವವನಿಗೆ ಈ ಆಸೆ ಇನ್ನೂ ಹೆಚ್ಚು, ಏಕೆಂದರೆ ಬಳಸದೆಯೇ ಎಸೆದಂತೆ ಅವನಿಗೆ ತೋರುತ್ತದೆ. ಆದರೆ ಈ ಸಂವೇದಕ ಒಂದು ಬಗೆಯ ವಿದ್ಯುತ್ಕೋಶ. ಅದರೊಳಗಿನ ಸೀಸ ಆಕ್ಸಿಜನ್ ತಾಗಿದಂತೆ ಸವೆಯುತ್ತದೆ, ಬೀರುವಿನಲ್ಲಿಟ್ಟರೂ ಸವೆಯುತ್ತದೆ.

‘ಮೂರು ಗಂಟೆ’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಯುರೋಪಿನ ಇಎನ್ 14143 ಮಾನದಂಡದ ಪ್ರಕಾರ ಈ ಪರೀಕ್ಷೆ ನಡೆಯುವುದು 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, 40 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ, ನಿಮಿಷಕ್ಕೆ 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಹಾಯಿಸಿ. ಇದು ಸಾಕಷ್ಟು ಕಠಿಣ ಪರೀಕ್ಷೆ. ನಮ್ಮ ಬೆಚ್ಚಗಿನ ಅರಬ್ಬೀ ಸಮುದ್ರದಲ್ಲಿ ಡಬ್ಬಿ ಹೆಚ್ಚು ಬಾಳೀತು. ಆದರೆ ತಯಾರಕರೆಲ್ಲ ಒಂದೇ ಷರತ್ತಿನ ಅಂಕಿಯನ್ನು ಅಚ್ಚು ಹಾಕುವುದಿಲ್ಲ. ಹಗುರ ಕೆಲಸದ, ಕಡಿಮೆ ಆಳದ ಅಂಕಿಯನ್ನು ಕೊಟ್ಟವನ ಡಬ್ಬಿ ಪಟ್ಟಿಯಲ್ಲಿ ಗೆಲ್ಲುತ್ತದೆ. ಆಸ್ಪತ್ರೆಯ ಸೋಡಾಲೈಮ್ ಸಿಕ್ಕಿತೆಂದು ತುಂಬಿಕೊಂಡರೆ ಮತ್ತೊಂದು ತೊಡಕು: ಅದರ ಹರಳು ಸಾಮಾನ್ಯವಾಗಿ ದಪ್ಪ. ಮುಳುಗು ಯಂತ್ರಕ್ಕೆ ಬಳಸುವುದು ಒಂದರಿಂದ ಎರಡೂವರೆ ಮಿಲಿಮೀಟರಿನ ಸಣ್ಣ ಹರಳು. ಹರಳಿನ ಗಾತ್ರ ಬದಲಾದರೆ ಉಸಿರಿಗೆ ತಾಗುವ ಮೇಲ್ಮೈ ಬದಲಾಗುತ್ತದೆ, ಪರೀಕ್ಷೆಯ ಅಂಕಿ ವ್ಯರ್ಥವಾಗುತ್ತದೆ.

ಡಬ್ಬಿ ಕೆಟ್ಟರೆ ಗೊತ್ತಾಗುವುದಿಲ್ಲವೇ? ನೀರಿಗಿಳಿಯುವ ಮೊದಲು ಐದು ನಿಮಿಷ ಯಂತ್ರದಲ್ಲಿ ಉಸಿರಾಡಿ ನೋಡುವ ರೂಢಿಯಿದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಮಂದಿಗೆ ಹೇಳದೆ ಡಬ್ಬಿಯನ್ನೇ ತೆಗೆದ ಯಂತ್ರ ಕೊಟ್ಟಾಗ ಐದು ನಿಮಿಷದೊಳಗೆ ಸಂಶಯಪಟ್ಟು ನಿಲ್ಲಿಸಿದವರು 15 ಮಂದಿ. ಅರೆಬರೆ ಕೆಲಸಮಾಡುವ ಡಬ್ಬಿ ಇದ್ದಾಗ ನಿಲ್ಲಿಸಿದವರು ಇಬ್ಬರೇ. ಮಿಕ್ಕ 18 ಮಂದಿ ಸಮುದ್ರದಲ್ಲಿದ್ದಿದ್ದರೆ ನೀರಿಗಿಳಿದಿರುತ್ತಿದ್ದರು.

ಆಕ್ಸಿಜನ್ ಕಡಿಮೆಯಾದರಂತೂ ಮುನ್ಸೂಚನೆಯೇ ಇಲ್ಲ. ಉಸಿರುಕಟ್ಟಿದಂತೆ ನಮಗೆ ಅನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ರಿಬ್ರೀದರ್ ಅದನ್ನು ತೆಗೆಯುತ್ತಲೇ ಇರುವುದರಿಂದ, ಆಕ್ಸಿಜನ್ನಿನ ಆಂಶಿಕ ಒತ್ತಡ 0.16 ಬಾರಿಗಿಂತ ಕೆಳಗೆ ಜಾರಿದರೂ ಎಲ್ಲ ಹಾಯಾಗಿಯೇ ಇರುತ್ತದೆ, ಪ್ರಜ್ಞೆ ತಪ್ಪುವವರೆಗೆ. ಹಾಳುಬಾವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕಣ್ಣಿಗೂ ಮೂಗಿಗೂ ತಿಳಿಯದ ಕೊರತೆಯನ್ನು ದೀಪ ಹೇಳುತ್ತಿತ್ತು. ಇನ್ನೊಂದು ತುದಿಯಲ್ಲಿ, ಒತ್ತಡ 1.6 ಬಾರ್ ಮೀರಿದರೆ ಸೆಳವು ಬರುವ ಅಪಾಯ. ಈ ಎರಡು ಅಂಚುಗಳ ನಡುವೆ, ಸಾಮಾನ್ಯವಾಗಿ 1.2 ಅಥವಾ 1.3ರಲ್ಲಿ, ಉಸಿರನ್ನು ಹಿಡಿದಿಡುವುದೇ ಯಂತ್ರದ ಕೆಲಸ. ಇಲ್ಲಿ ದೀಪದ ಪಾತ್ರ ಸಂವೇದಕದ್ದು.

‘ಮೂರು ಸಂವೇದಕ, ಬಹುಮತದ ತೀರ್ಮಾನ’ ಎಂಬುದು ಪಟ್ಟಿಗಳ ಮೆಚ್ಚಿನ ಸಾಲು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯನ್ನು ಕಂಡ ತುಮಕೂರಿಗೆ ಇದನ್ನು ಗಡಿಯಾರದ ಮೂಲಕವೇ ವಿವರಿಸಬಹುದು. ಒಂದು ಗಡಿಯಾರವಿದ್ದವನಿಗೆ ವೇಳೆ ಗೊತ್ತು, ಎರಡಿದ್ದವನಿಗೆ ಸಂಶಯ ಎಂಬ ಹಳೆಯ ಚಟಾಕಿಯಿದೆ. ಮೂರಿದ್ದರೆ? ಎರಡು ಒಪ್ಪಿದ್ದನ್ನು ನಂಬು, ಮೂರನೆಯದನ್ನು ತಳ್ಳು. ಗಡಿಯಾರಗಳು ಬೇರೆ ಬೇರೆ ಕಾರಣಕ್ಕೆ ಕೆಡುವುದಾದರೆ ಇದು ಸರಿ. ಆದರೆ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಮೂರನ್ನೂ ಒಂದೇ ಬಕೆಟ್ ನೀರಿನಲ್ಲಿ ಅದ್ದಿದರೆ ಎರಡು ಒಟ್ಟಿಗೇ ನಿಲ್ಲಬಹುದು. ಆಗ ಓಡುತ್ತಿರುವ ಒಂದೇ ಗಡಿಯಾರ ಬಹುಮತದಲ್ಲಿ ಸೋಲುತ್ತದೆ.

ರಿಬ್ರೀದರಿನಲ್ಲಿ ಹೀಗೇ ಆಗುತ್ತದೆ. ಹಳೆಯದಾದ ಸಂವೇದಕ ಗಾಳಿಯಲ್ಲಿ ಸರಿಯಾಗೇ ಓದುತ್ತದೆ. ಆದರೆ ಆಕ್ಸಿಜನ್ ಹೆಚ್ಚಿದಂತೆ ಒಂದು ಮಿತಿಗೆ ಬಂದು ನಿಲ್ಲುತ್ತದೆ, 1.1 ಎಂದುಕೊಳ್ಳಿ, ಅದಕ್ಕಿಂತ ಮೇಲೆ ಏರಲಾರದು. ಒಂದೇ ದಿನ ಹಾಕಿದ ಎರಡು ಸಂವೇದಕಗಳು ಹೀಗೆ ದಣಿದಿವೆ. ಗುರಿ 1.3. ಎರಡೂ 1.1 ಎನ್ನುತ್ತವೆ, ಕಂಪ್ಯೂಟರ್ ಆಕ್ಸಿಜನ್ ಬಿಡುತ್ತದೆ, ಮತ್ತೆ 1.1, ಮತ್ತೆ ಬಿಡುತ್ತದೆ. ಮೂರನೆಯದು 1.6 ಎಂದು ಸತ್ಯ ಹೇಳಿದರೆ ಅದನ್ನು ಕೆಟ್ಟದ್ದೆಂದು ಪಕ್ಕಕ್ಕಿಡುತ್ತದೆ. ಆದ್ದರಿಂದ ಬುದ್ಧಿವಂತ ಬಳಕೆದಾರರು ಮೂರನ್ನೂ ಒಟ್ಟಿಗೆ ಕೊಳ್ಳದೆ ಕೆಲವು ತಿಂಗಳ ಅಂತರದಲ್ಲಿ ಒಂದೊಂದಾಗಿ ಬದಲಿಸುತ್ತಾರೆ. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಈಗ ಯಂತ್ರಗಳಿಗೆ ಬರೋಣ. ಸ್ವೀಡನ್ನಿನ ಪೊಸಿಡಾನ್ ಕಂಪನಿ 2009ರಲ್ಲಿ ತಂದ ‘ಮಾರ್ಕ್ 6’ರಲ್ಲಿ ಇರುವುದು ಎರಡೇ ಸಂವೇದಕ. ಪಟ್ಟಿಯಲ್ಲಿ ಇದು ಸೋಲಿನಂತೆ ಕಾಣುತ್ತದೆ, ನನ್ನ ಅಭಿಪ್ರಾಯದಲ್ಲಿ ಗೆಲುವು. ಅದು ಮತ ಎಣಿಸುವ ಬದಲು ಪರೀಕ್ಷೆ ಒಡ್ಡುತ್ತದೆ: ಯಾವ ಪ್ರಮಾಣವೆಂದು ಮೊದಲೇ ಗೊತ್ತಿರುವ ಅನಿಲವನ್ನು ಮುಳುಗಿನ ನಡುವೆಯೇ ಮುಖ್ಯ ಸಂವೇದಕದ ಮೇಲೆ ಹಾಯಿಸಿ ಓದು ಸರಿಯೇ ಎಂದು ನೋಡುತ್ತದೆ. ಅನಂತರದ ಮಾದರಿಗಳಿಗೆ ಸೀಸ ಸವೆಯುವ ತೊಂದರೆಯಿಲ್ಲದ, ಬೆಳಕಿನ ತತ್ತ್ವದ ಘನಸ್ಥಿತಿ ಸಂವೇದಕವನ್ನೂ ಅದು ಒದಗಿಸಿತು. ಪ್ರತಿ ಮುಳುಗಿನ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ತೇರ್ಗಡೆಯಾಗದಿದ್ದರೆ ಹಸಿರು ನಿಶಾನೆ ಕೊಡುವುದಿಲ್ಲ. ನಾಲ್ಕು ನೂರು ಕಿಲೋಮೀಟರ್ ಬಂದು ದೋಣಿಯಲ್ಲಿ ಕುಳಿತವನಿಗೆ ಯಂತ್ರ ಹೀಗೆ ಮುಷ್ಕರ ಹೂಡಿದರೆ ಕೋಪ ಬರುವುದು ಖಂಡಿತ. ಆ ಕೋಪಕ್ಕೆ ಮಣಿಯದಿರುವುದೇ ಅದರ ಸೌಲಭ್ಯ.

ಇದಕ್ಕೆ ವಿರುದ್ಧ ತುದಿ ಕೆನಡಾದಲ್ಲಿ ಗೋರ್ಡನ್ ಸ್ಮಿತ್ ರೂಪಿಸಿದ ‘ಕಿಸ್’. ಇದರಲ್ಲಿ ಆಕ್ಸಿಜನ್ ಬಿಡುವ ಕಂಪ್ಯೂಟರೇ ಇಲ್ಲ. ದೇಹದ ಅಗತ್ಯಕ್ಕಿಂತ ಸ್ವಲ್ಪ ಕಡಿಮೆ ಆಕ್ಸಿಜನ್ ಸಣ್ಣ ರಂಧ್ರದಿಂದ ಸದಾ ಹರಿಯುತ್ತದೆ. ಕೊರತೆಯನ್ನು ಮುಳುಗುಗಾರ ಗುಂಡಿ ಒತ್ತಿ ತುಂಬಬೇಕು. ಬೆಲೆ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಕೈಯಿಂದ ಮಾಡುವವನು ಸದಾ ಎಚ್ಚರವಾಗಿರುತ್ತಾನೆ ಎಂಬುದು ಇದರ ಪಕ್ಷದವರ ವಾದ. ಪ್ರತಿಪಕ್ಷದವರು ಮನುಷ್ಯ ಮರೆಯುತ್ತಾನೆ ಎನ್ನುತ್ತಾರೆ. ಈ ಜಗಳಕ್ಕೆ ಅಂಕಿಅಂಶದ ಉತ್ತರ ಸ್ವಲ್ಪ ಮುಂದೆ ಬರುತ್ತದೆ.

‘ಇನ್‌ಸ್ಪಿರೇಷನ್’ಗೆ 2005ರ ಹೊಸ ವಿದ್ಯುನ್ಮಾನದೊಂದಿಗೆ ಬಂದ ಉಷ್ಣತಾ ಕಡ್ಡಿ ಒಳ್ಳೆಯ ಕಲ್ಪನೆ. ಸುಣ್ಣದ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಡಬ್ಬಿಯ ಬಿಸಿ ಭಾಗ ಎಲ್ಲಿದೆ ಎಂದು ನೋಡಿ ಎಷ್ಟು ಸವೆದಿದೆ ಎಂದು ಊಹಿಸಬಹುದು. ಆದರೆ ಅದು ಅಳೆಯುವುದು ಶಾಖವನ್ನು. ಸೀಲು ಸರಿಯಾಗಿ ಕೂರದೆ ಪಕ್ಕದಿಂದ ನುಸುಳುವ ಇಂಗಾಲದ ಡೈಆಕ್ಸೈಡ್ ಅದಕ್ಕೆ ಕಾಣದು. ‘ರೆವೊ’ ಎಂಬ ಬೆಲ್ಜಿಯಮ್ ಮೂಲದ ಯಂತ್ರದಲ್ಲಿ ಡಬ್ಬಿಗಳು ಎರಡು, ಒಂದರ ಹಿಂದೆ ಒಂದು. ಮೊದಲನೆಯದನ್ನು ಎಸೆದು, ಎರಡನೆಯದನ್ನು ಅದರ ಜಾಗಕ್ಕೆ ತಂದು, ಹೊಸದನ್ನು ಹಿಂದೆ ಇಡಬಹುದು. ಮೇಲೆ ಹೇಳಿದ ಜಿಪುಣತನದ ಆಸೆಗೆ ಇದು ಪ್ರಾಮಾಣಿಕವಾದ ಪರಿಹಾರ. ಡೆನ್ಮಾರ್ಕಿನ ‘ಜೆಜೆ’ ಸರಳ, ಗಟ್ಟಿಮುಟ್ಟು; ಹೆಚ್ಚು ಹೇಳಬೇಕಾದ್ದಿಲ್ಲ.

ಇವುಗಳಲ್ಲಿ ಯಾವುದು ಹೆಚ್ಚು ಸುರಕ್ಷಿತ? ಆಸ್ಟ್ರೇಲಿಯದ ವೈದ್ಯ ಆಂಡ್ರ್ಯೂ ಫಾಕ್ 1998ರಿಂದ 2010ರವರೆಗಿನ ಹವ್ಯಾಸಿ ರಿಬ್ರೀದರ್ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಟ್ಟು 181 ಸಾವು. ಸಾಮಾನ್ಯ ಸಿಲಿಂಡರ್ ಮುಳುಗಿಗಿಂತ ಅಪಾಯ ಸುಮಾರು 4ರಿಂದ 10 ಪಟ್ಟು ಎಂಬುದು ಅವರ ಅಂದಾಜು. ಕೈಯಿಂದ ನಡೆಸುವ ಯಂತ್ರಕ್ಕೂ ವಿದ್ಯುನ್ಮಾನ ಯಂತ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೂರನೆಯ ಎರಡರಷ್ಟು ಸಾವುಗಳಲ್ಲಿ ಅಪಾಯಕರ ಮುಳುಗು ಅಥವಾ ಅಪಾಯಕರ ನಡವಳಿಕೆಯ ಪಾತ್ರವಿತ್ತು. ಪಟ್ಟಿಗಳು ಅಷ್ಟು ಜಾಗ ಕೊಟ್ಟು ವಾದಿಸುವ ವ್ಯತ್ಯಾಸ ಸಾವಿನ ಲೆಕ್ಕದಲ್ಲಿ ಕಾಣಿಸಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಾಣಿಸಿತು. 2012ರಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಸೇರಿದ ರಿಬ್ರೀದರ್ ಸಮ್ಮೇಳನ ಒತ್ತಿ ಹೇಳಿದ್ದು ಮುದ್ರಿತ ತಪಾಸಣಾ ಪಟ್ಟಿಯ ಬಳಕೆಯನ್ನು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಮಾಡುವ ಯಾರನ್ನಾದರೂ ಕೇಳಿ: ಹಾರುವ ಮುನ್ನ ನೆನಪಿನಿಂದ ತಪಾಸಣೆ ಮಾಡುವ ಪೈಲಟ್‌ನ ಪಕ್ಕ ಅವರು ಕೂರುವರೇ?

ನಮ್ಮ ದೇಶಕ್ಕೇ ಸಂಬಂಧಿಸಿದ ಇನ್ನೊಂದು ಕಲಮು ಆಕ್ಸಿಜನ್ನಿನದು. 2021ರ ಕೋವಿಡ್ ಅಲೆಯಲ್ಲಿ ‘ಜಂಬೊ ಸಿಲಿಂಡರ್’ ಎಂಬ ಪದ ಎಲ್ಲರಿಗೂ ಪರಿಚಯವಾಯಿತು. ಅದರಲ್ಲಿ 7 ಘನಮೀಟರ್ ಅನಿಲ ಸುಮಾರು 150 ಬಾರ್ ಒತ್ತಡದಲ್ಲಿರುತ್ತದೆ. ಅದರಿಂದ ನಿಮ್ಮ ಪುಟ್ಟ ಸಿಲಿಂಡರಿಗೆ ಹಾಯಿಸಿದರೆ 200 ಬಾರ್ ಎಂದೂ ಬರದು. ಒತ್ತಡ ಏರಿಸುವ ಪಂಪು ಬೇರೆ ಬೇಕು. ಎಣ್ಣೆಯ ಅಂಶ ತಾಗಿದ ಕವಾಟದಲ್ಲಿ ಒತ್ತಡದ ಆಕ್ಸಿಜನ್ ಹಾಯಿಸಿದರೆ ಬೆಂಕಿಯ ಅಪಾಯ. ಯಂತ್ರದ ಜೊತೆ ಬಂದ ವಿದೇಶೀ ಸಿಲಿಂಡರಿಗೆ ಕೇಂದ್ರದ ಸ್ಫೋಟಕ ಸುರಕ್ಷಾ ಸಂಸ್ಥೆ ‘ಪೆಸೊ’ದ ಅನುಮೋದನೆ ಇಲ್ಲದಿದ್ದರೆ ಇಲ್ಲಿ ತುಂಬಿಸುವುದು ಕಾನೂನುಬಾಹಿರ. ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆಯಿದು. ಯಂತ್ರ ಕೈಕೊಟ್ಟಾಗ ಮೇಲೆ ಬರಲು ಪಕ್ಕದಲ್ಲಿ ಒಯ್ಯುವ ಸಾಮಾನ್ಯ ಗಾಳಿಯ ಸಿಲಿಂಡರ್ ಮತ್ತು ಐದಾರು ದಿನಗಳ ತರಬೇತಿಯ ಶುಲ್ಕ, ಇವೆರಡೂ ಬೆಲೆಯಲ್ಲಿ ಸೇರಿರುವುದಿಲ್ಲ. ಒಂದು ಯಂತ್ರದ ತರಬೇತಿ ಇನ್ನೊಂದಕ್ಕೆ ನಡೆಯುವುದೂ ಇಲ್ಲ.

ಹಾಗಾದರೆ ನೇತ್ರಾಣಿಗೆ ರಿಬ್ರೀದರ್ ಬೇಕೇ? 10 ಮೀಟರಿನಲ್ಲಿ ಒತ್ತಡ 2 ಬಾರ್. ಅದೇ 12 ಲೀಟರಿನ ಸಿಲಿಂಡರ್ ಒಂದು ಗಂಟೆ ಬರುತ್ತದೆ. ದೋಣಿಯವರು ಅಷ್ಟು ಹೊತ್ತು ಕಾಯುವುದೇ ಅಪರೂಪ. ಮೀನುಗಳ ಚಿತ್ರ ತೆಗೆಯುವವರಿಗೆ ಗುಳ್ಳೆಯಿಲ್ಲದ ಮೌನದಿಂದ ನಿಜವಾದ ಲಾಭವಿದೆ, ಅದನ್ನು ಒಪ್ಪಬೇಕು. ಉಳಿದವರು 12,000 ಕೊಟ್ಟು ಕೊಳ್ಳುವುದು ಬಳಸದೇ ಉಳಿಯುವ ಸಮಯವನ್ನು.

ಕೊನೆಯದಾಗಿ ನಮ್ಮ ಕೆರೆಗಳ ಮಾತು. ಮುಳುಗಿದವರನ್ನು ಹುಡುಕಲು ಇಂತಹ ಯಂತ್ರಗಳನ್ನು ಊರಿಗೊಂದು ಕೊಡಿಸಬಾರದೇ ಎಂದು ಯಾರಾದರೂ ಉತ್ಸಾಹದಿಂದ ಹೇಳಬಹುದು. ತುಮಕೂರಿನ ಅಮಾನಿಕೆರೆಯಲ್ಲೋ ಕುಣಿಗಲ್ ದೊಡ್ಡಕೆರೆಯಲ್ಲೋ ಮಳೆಗಾಲದ ಕೆಸರುನೀರಿನಲ್ಲಿ ಚಾಚಿದ ಕೈ ಕಾಣುವುದಿಲ್ಲ. ರಿಬ್ರೀದರ್ ಧರಿಸಿದವನಿಗೆ ಆಕ್ಸಿಜನ್ ಓದನ್ನು ತೋರಿಸುವ ಪರದೆಯೂ ಕಾಣುವುದಿಲ್ಲ. ಕಡಿಮೆ ಆಳದಲ್ಲಿ ಒಂದು ಮೀಟರ್ ಏರಿಳಿದರೂ ಮಂಡಲದ ಅನಿಲದ ಗಾತ್ರ ಬಹಳ ಬದಲಾಗಿ ತೇಲಾಟ ಕೈಮೀರುತ್ತದೆ. ಅಲ್ಲಿ ಬೇಕಾದದ್ದು ದಡದಿಂದ ಕೊಳವೆಯಲ್ಲಿ ಬರುವ ಗಾಳಿ, ಮುಖವನ್ನು ಪೂರ್ತಿ ಮುಚ್ಚುವ ಮುಖವಾಡ, ಸೊಂಟಕ್ಕೆ ಕಟ್ಟಿದ ಹಗ್ಗ, ಆ ಹಗ್ಗದ ಎಳೆತವನ್ನು ಓದಬಲ್ಲ ಇನ್ನೊಬ್ಬ. ಒಂದು ರಿಬ್ರೀದರಿಗೆ ತೆರುವ ಹಣದಲ್ಲಿ ಇದರ ಬಹುಭಾಗವನ್ನು ಹೊಂದಿಸಿಕೊಂಡು, ಉಳಿದದ್ದರಲ್ಲಿ ಹಗ್ಗ ಹಿಡಿಯುವವನಿಗೆ ತರಬೇತಿ ಕೊಡಿಸಬಹುದು.